124.80 ಅಡಿಯ ನೀರಿಗೆ ಎಂಥ ಯಂತ್ರ ಬೇಕು?

ದೋಣಿ ಓಡಿಸುವವರಿಗೆ ಸದಾ ಕಾಡುವ ಪ್ರಶ್ನೆ ಎರಡು. ನಾನೀಗ ಎಲ್ಲಿದ್ದೇನೆ? ನನ್ನ ಕೆಳಗೆ ನೀರೆಷ್ಟಿದೆ? ಬೋಟಿಗೆ ಹಾಕುವ ಎಲೆಕ್ಟ್ರಾನಿಕ್ಸ್ ಸಾಮಾನು ಬಹುಮಟ್ಟಿಗೆ ಇವೆರಡರಲ್ಲಿ ಒಂದಕ್ಕೆ ಉತ್ತರ ಹೇಳುವುದಕ್ಕೇ ಇರುವುದು. ಸಮುದ್ರದಲ್ಲಿ ಮೊದಲನೆಯ ಪ್ರಶ್ನೆ ದೊಡ್ಡದು; ದಡ ಕಣ್ಮರೆಯಾದ ಮೇಲೆ ನಾಲ್ಕು ದಿಕ್ಕೂ ಒಂದೇ ಥರ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಆ ಚಿಂತೆ ಅಷ್ಟಿಲ್ಲ. ಅಣೆಕಟ್ಟೆ ತುಂಬಿದಾಗ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿಕೊಂಡರೂ ಹಗಲಿನಲ್ಲಿ ಎಲ್ಲಿ ನಿಂತರೂ ಯಾವುದೋ ಒಂದು ದಡ, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೋ ಸಾಗರಕಟ್ಟೆ ಸೇತುವೆಯೋ ಗುರುತಿಗೆ ಸಿಗುತ್ತದೆ. ಇಲ್ಲಿ ಬೋಟಿಗೆ ಪೆಟ್ಟು ಬೀಳುವುದು ಕೆಳಗಿನಿಂದ.

ಆದರೆ ಅಂಗಡಿಯ ಕ್ಯಾಟಲಾಗುಗಳೆಲ್ಲ ಸಮುದ್ರಕ್ಕೆ, ಇಲ್ಲವೆ ಅಮೆರಿಕದ ಸರೋವರಗಳಿಗೆ ಬರೆದವು. ಅವುಗಳಲ್ಲಿ ನಕ್ಷೆ ತೋರಿಸುವ ದೊಡ್ಡ ಪರದೆಯ ಚಾರ್ಟ್ ಪ್ಲಾಟರ್ ಮೊದಲು, ರೇಡಾರ್ ಆಮೇಲೆ, ಆಳ ಅಳೆಯುವ ಯಂತ್ರ ಕೊನೆಗೆ. ಮೀನಿನ ಗುತ್ತಿಗೆದಾರರಾಗಲಿ, ದಡದ ರೆಸಾರ್ಟಿನವರಾಗಲಿ, ರಕ್ಷಣಾ ತಂಡದವರಾಗಲಿ, ನಮ್ಮ ಕಡೆ ಹದಿನೈದು ಇಪ್ಪತ್ತು ಅಡಿ ಉದ್ದದ ಬೋಟಿಗೆ ಯಂತ್ರ ಕೊಳ್ಳುವವರು ಈ ಪಟ್ಟಿಯನ್ನು ತಲೆಕೆಳಗು ಮಾಡಿ ಓದಬೇಕು.

ಕಾರಣ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಅದು ಮಂಡ್ಯದ ರೈತರಿಗೆ ಬಾಯಿಪಾಠ. ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. 2023ರಲ್ಲಿ ಮಳೆ ಕೈಕೊಟ್ಟು 2024ರ ಬೇಸಿಗೆಯಲ್ಲಿ ಮಟ್ಟ 90 ಅಡಿಗಿಂತ ಕೆಳಕ್ಕೆ ಹೋಯಿತು. ಅದೇ ವರ್ಷ ಜುಲೈನಲ್ಲಿ ಕೊಡಗಿನಲ್ಲಿ ಮಳೆ ಹಿಡಿದು ಕಟ್ಟೆ ತುಂಬಿತು. ಅಂದರೆ ಒಂದೇ ಜಾಗದಲ್ಲಿ, ಒಂದೇ ವರ್ಷದಲ್ಲಿ, ಬೋಟಿನ ಕೆಳಗಿನ ನೀರು ಮೂವತ್ತು ಅಡಿಗಿಂತ ಹೆಚ್ಚು ಏರಿಳಿಯಿತು. ಮಂಗಳೂರು, ಮಲ್ಪೆ ಕಡೆ ಸಮುದ್ರದ ಭರತ ಇಳಿತದ ವ್ಯತ್ಯಾಸ ಒಂದೆರಡು ಮೀಟರಿನೊಳಗೆ ಮುಗಿಯುತ್ತದೆ, ಅದಕ್ಕೆ ಮುಂಚಿತವಾಗಿ ಅಚ್ಚಾದ ವೇಳಾಪಟ್ಟಿಯೂ ಇರುತ್ತದೆ. ಇಲ್ಲಿ ವೇಳಾಪಟ್ಟಿ ಬರೆಯುವುದು ಮುಂಗಾರು.

ಇನ್ನು ನೀರಿನಡಿ ಇರುವುದೇನು? ಕಟ್ಟೆಯ ಕೆಲಸ 1911ರಲ್ಲಿ ಶುರುವಾಗುವ ಮುಂಚೆ ಅದು ಊರು, ಹೊಲ, ತೋಪು. ಬಂಡೆಗಳಿವೆ, ಹಳೆಯ ಬದುಗಳಿವೆ, ಕಲ್ಲು ಕಟ್ಟಿದ ಬಾವಿಗಳಿವೆ. ಬರದ ವರ್ಷ ನೀರು ಇಳಿದ ಅಂಚಿನಲ್ಲಿ ಜಾಲಿ ಚಿಗುರಿ ಪೊದೆಯಾಗಿ, ಮುಂದಿನ ವರ್ಷ ನೀರು ಬಂದಾಗ ಮುಳುಗಿ ಅಲ್ಲೇ ಒಣಗಿ ನಿಲ್ಲುತ್ತದೆ. ಕಬಿನಿಯ ಹಿನ್ನೀರು ಕಂಡವರಿಗೆ ಕಾಡೇ ಮುಳುಗಿ ಒಣಮರಗಳು ನೀರಿನಿಂದ ಎದ್ದು ನಿಂತಿರುವುದು ಗೊತ್ತು. ಎದ್ದು ನಿಂತವುಗಳಿಂದ ಅಪಾಯವಿಲ್ಲ, ನೀರಿಗಿಂತ ಗೇಣು ಕೆಳಗೆ ನಿಂತ ಬೊಡ್ಡೆಯಿಂದ.

ಹಾಗಾಗಿ ಮೊದಲ ದುಡ್ಡು ಎಕೋ ಸೌಂಡರಿಗೆ. ಅಂಗಡಿಯಲ್ಲಿ ಇದನ್ನು ಫಿಶ್ ಫೈಂಡರ್ ಎಂದು ಕೇಳಿದರೆ ಬೇಗ ಸಿಗುತ್ತದೆ. ಎರಡೂ ಒಂದೇ ಯಂತ್ರ. ಬೋಟಿನ ತಳದಲ್ಲಿ ಕೂರಿಸಿದ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ನೀರಿಗೆ ಒಂದು ಶಬ್ದದ ತುಣುಕು ಬಿಟ್ಟು, ತಳಕ್ಕೆ ಬಡಿದು ವಾಪಸು ಬರುವ ಮಾರ್ದನಿಗೆ ಕಾಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹತ್ತು ಮೀಟರ್ ಆಳವಿದ್ದರೆ ಹೋಗಿ ಬರಲು ಇಪ್ಪತ್ತು ಮೀಟರ್, ಸೆಕೆಂಡಿನ ಸಾವಿರದಲ್ಲಿ ಹದಿಮೂರು ಪಾಲು ಸಮಯ. ಅಷ್ಟು ಸಣ್ಣ ಕಾಲವನ್ನು ಅಳೆದು ಆಳವಾಗಿ ತೋರಿಸುವುದಷ್ಟೇ ಅದರ ಕೆಲಸ. ಸಿಹಿನೀರಿನಲ್ಲಿ ಶಬ್ದ ಉಪ್ಪುನೀರಿಗಿಂತ ಸ್ವಲ್ಪ ನಿಧಾನ. ಸೆಟ್ಟಿಂಗಿನಲ್ಲಿ ಸಿಹಿನೀರು ಎಂದು ಬದಲಿಸದಿದ್ದರೆ ನೂರಕ್ಕೆ ಎರಡು ಮೂರು ಪಾಲು ತಪ್ಪು ಬರುತ್ತದೆ.

ಕೊಳ್ಳುವಾಗ ಎಷ್ಟು ಆಳದವರೆಗೆ ಅಳೆಯುತ್ತದೆ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದ ಅಂಕಿಗೆ ಮರುಳಾಗಬೇಡಿ. ಐನೂರು ಮೀಟರ್, ಸಾವಿರ ಮೀಟರ್ ಆಳ ಸಮುದ್ರದವರ ಗೋಜು. ಕೆಆರ್‌ಎಸ್ ತುಂಬಿ ತುಳುಕುವಾಗಲೂ ಕಟ್ಟೆಯ ಮಟ್ಟ ತೋರಿಸುವ ಗೇಜಿನ ಲೆಕ್ಕದಲ್ಲಿ 124.80 ಅಡಿ, ಅಂದರೆ 38 ಮೀಟರ್. ನಮಗೆ ಬೇಕಾದ್ದು ಕಡಿಮೆ ಆಳದಲ್ಲಿ ಚೊಕ್ಕವಾಗಿ ತೋರಿಸುವ ಯಂತ್ರ. ಅದಕ್ಕೆ ನೋಡಬೇಕಾದ್ದು ಫ್ರೀಕ್ವೆನ್ಸಿ, ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು. 50 ಕಿಲೋಹರ್ಟ್ಜ್ ಶಬ್ದ ಬಹಳ ಆಳಕ್ಕೆ ಇಳಿಯುತ್ತದೆ, ಆದರೆ ಮಸುಕಾಗಿ ಕಾಣುತ್ತದೆ. 200 ಕಿಲೋಹರ್ಟ್ಜ್ ಅಷ್ಟು ಆಳಕ್ಕೆ ಹೋಗದು, ಆದರೆ ಬಂಡೆ ಯಾವುದು, ಅದರ ಪಕ್ಕದ ಬೊಡ್ಡೆ ಯಾವುದು ಎಂದು ಬಿಡಿಸಿ ತೋರಿಸುತ್ತದೆ. ನಮಗೆ ಇದೇ ಸರಿ. ಒಂದೇ ಸ್ವರದ ಬದಲು ಕೆಳಗಿನಿಂದ ಮೇಲಿನವರೆಗೆ ಜಾರುವ ಸ್ವರ ಬಿಡುವ ಚರ್ಪ್ ಎಂಬ ವಿಧಾನ ಈಗ ಅಗ್ಗದ ಯಂತ್ರಗಳಲ್ಲೂ ಬಂದಿದೆ. ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಶಬ್ದ ಕೆಳಗೆ ಹೋಗುತ್ತಾ ಶಂಕುವಿನ ಆಕಾರದಲ್ಲಿ ಹರಡುತ್ತದೆ. 200 ಕಿಲೋಹರ್ಟ್ಜಿನ ಸಾಮಾನ್ಯ ಟ್ರಾನ್ಸ್‌ಡ್ಯೂಸರಿನ ಶಂಕು ಸುಮಾರು 20 ಡಿಗ್ರಿ ಅಗಲ. ಲೆಕ್ಕ ಹಾಕಿದರೆ ಅದು ತಳದಲ್ಲಿ ನೋಡುವ ವೃತ್ತದ ಅಗಲ ಆಳದ ಮೂರನೇ ಒಂದು ಭಾಗ. ಒಂಬತ್ತು ಮೀಟರ್ ಆಳದಲ್ಲಿ ಮೂರು ಮೀಟರ್ ಅಗಲದ ಜಾಗ ಕಾಣುತ್ತದೆ. ಒಂದು ಮೀಟರ್ ಆಳದಲ್ಲಿ? ಬರೇ ಮುಕ್ಕಾಲು ಮೊಳ. ಅಪಾಯ ಹೆಚ್ಚಾದಷ್ಟೂ ಯಂತ್ರದ ಕಣ್ಣು ಕಿರಿದಾಗುತ್ತದೆ ಎಂಬುದು ಕೈಪಿಡಿಯಲ್ಲಿ ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಮಾತಲ್ಲ. ಅಗಲ ಶಂಕುವಿನ, ಅಂದರೆ 60 ಡಿಗ್ರಿಯಷ್ಟಿರುವ ಎರಡನೇ ಫ್ರೀಕ್ವೆನ್ಸಿಯೂ ಇರುವ ಯಂತ್ರ ಸಿಕ್ಕರೆ ದಡದ ಹತ್ತಿರ ಅದನ್ನು ಹಾಕಿಕೊಳ್ಳಬಹುದು. ಅದು ಆಳದಷ್ಟೇ ಅಗಲವನ್ನು ನೋಡುತ್ತದೆ, ಆ ಅಗಲದೊಳಗೆ ಎಲ್ಲಕ್ಕಿಂತ ಹತ್ತಿರವಿರುವುದನ್ನೇ ಆಳವೆಂದು ತೋರಿಸುತ್ತದೆ. ಇಳಿಜಾರಿನಲ್ಲಿ ಇದರಿಂದ ಆಳ ಕಡಿಮೆ ಕಾಣುತ್ತದೆ. ತಪ್ಪುವುದಾದರೆ ಆ ಕಡೆಗೇ ತಪ್ಪಲಿ.

ಹೊಸಬರು ಪರದೆಯನ್ನು ತಪ್ಪಾಗಿ ಓದುವುದೂ ಉಂಟು. ತಳದ ಚಿತ್ರ ಬಲದಿಂದ ಎಡಕ್ಕೆ ಸರಿಯುತ್ತಾ ಹೋಗುವುದರಿಂದ ಅದು ಮುಂದಿನ ದಾರಿ ಎಂದೇ ಅನ್ನಿಸುತ್ತದೆ. ಅದು ದಾಟಿ ಬಂದ ದಾರಿ. ಬಲತುದಿಯ ಒಂದು ಗೆರೆ ಮಾತ್ರ ಈ ಕ್ಷಣದ್ದು, ಉಳಿದದ್ದೆಲ್ಲ ಹಿಂದಿನದು. ಗಂಟೆಗೆ 20 ಕಿಲೋಮೀಟರಿನಲ್ಲಿ ಬೋಟು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಆಳ ಕಡಿಮೆಯಾದಾಗ ಕಿರುಚುವ ಅಲಾರಂ ನಿಧಾನಕ್ಕೆ ಏರುವ ಮಣ್ಣಿನ ದಿಣ್ಣೆಯಲ್ಲಿ ಕಾಪಾಡೀತು. ಗೋಡೆಯಂತೆ ಎದ್ದ ಬಂಡೆಯ ಎದುರು ಅದು ಕಿರುಚುವಾಗ ಇಂಜಿನ್ನಿನ ಪಂಕ (ಪ್ರೊಪೆಲ್ಲರ್) ಆಗಲೇ ಬಡಿದಿರುತ್ತದೆ. ಇದೇ ಥರ ಶಬ್ದ ಬಿಟ್ಟು ಮುಂದಕ್ಕೆ ನೋಡುವ ಸೋನಾರ್ ಇದೆ, ಬೆಲೆ ಹಲವು ಪಟ್ಟು. ಕಡಿಮೆ ಆಳದಲ್ಲಿ ಅದಕ್ಕೂ ಬಹಳ ದೂರ ಕಾಣದು. ಪಕ್ಕಕ್ಕೆ ನೋಡುವ ಸೈಡ್ ಇಮೇಜಿಂಗ್ ಅದಕ್ಕಿಂತ ಕೆಲಸಕ್ಕೆ ಬರುತ್ತದೆ. ನಡಿಗೆಯ ವೇಗದಲ್ಲಿ ಹೋದರೆ ಎರಡೂ ಪಕ್ಕದ ಬೊಡ್ಡೆ, ಗೋಡೆ, ಬದು ಫೋಟೋದಂತೆ ಮೂಡುತ್ತವೆ. ಒಂದು ಪ್ರದೇಶವನ್ನು ಒಮ್ಮೆ ನಿಧಾನವಾಗಿ ಶೋಧಿಸಿ ಗುರುತು ಹಾಕಿಕೊಳ್ಳುವುದಕ್ಕೆ ಅದು ಚೆನ್ನ.

ಟ್ರಾನ್ಸ್‌ಡ್ಯೂಸರ್ ಕೂರಿಸುವ ಜಾಗದಲ್ಲಿ ಎಡವಿದರೆ ದುಬಾರಿ ಯಂತ್ರವೂ ದಂಡ. ಶಬ್ದ ಗಾಳಿಗುಳ್ಳೆ ದಾಟಿ ಹೋಗದು. ಬೋಟಿನ ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ ಕೂರಿಸುವುದು ವಾಡಿಕೆ. ಆದರೆ ಪಂಕಕ್ಕೆ ತೀರಾ ಹತ್ತಿರವಿರಬಾರದು, ತಳದ ಉಬ್ಬುಪಟ್ಟಿಗಳ ಹಿಂದೆ ಸರಿಯಾಗಿ ಬರಬಾರದು, ಅಲ್ಲೆಲ್ಲ ನೊರೆ. ತಳಕ್ಕಿಂತ ಒಂಚೂರು ಕೆಳಗೆ, ನೀರು ಸಪಾಟಾಗಿ ಹರಿದು ಹೋಗುವ ಕಡೆ ಇರಬೇಕು. ಫೈಬರ್ ಬೋಟಾದರೆ ತೂತು ಕೊರೆಯದೆ ಒಳಗಿನಿಂದಲೇ ಎಪಾಕ್ಸಿಯಲ್ಲಿ ಅಂಟಿಸಬಹುದು, ಗಟ್ಟಿ ಫೈಬರ್ ಇದ್ದರೆ ಮಾತ್ರ. ಎರಡು ಪದರದ ನಡುವೆ ಫೋಮ್ ತುಂಬಿದ ತಳದಲ್ಲಿ ಶಬ್ದ ಅಲ್ಲೇ ಸತ್ತುಹೋಗುತ್ತದೆ. ನಿಂತಾಗ ಆಳ ಸರಿಯಾಗಿ ತೋರಿಸಿ, ವೇಗ ಹೆಚ್ಚಿದೊಡನೆ ಅಂಕಿ ಮಿಟುಕತೊಡಗಿದರೆ ಯಂತ್ರವನ್ನು ಬೈಯುವ ಮುನ್ನ ಬಿಲ್ಲೆಯನ್ನು ಅರ್ಧ ಅಂಗುಲ ಕೆಳಗೆ ಇಳಿಸಿ ನೋಡಿ.

ಈಗ ‘ಎಲ್ಲಿದ್ದೇನೆ’ ಎಂಬ ಪ್ರಶ್ನೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಮೂರು ಜಾಗಕ್ಕೆ, ಇನ್ನೊಂದು ನಮ್ಮ ಯಂತ್ರದ ಗಡಿಯಾರದ ತಪ್ಪನ್ನು ತಿದ್ದಲಿಕ್ಕೆ. ಹಿನ್ನೀರಿನಷ್ಟು ಬಯಲಾದ ಆಕಾಶದಡಿ ಕೆಲವೇ ಮೀಟರಿನ ನಿಖರತೆ ಸಲೀಸು. ನಮ್ಮದೇ ಗಗನ್ ವ್ಯವಸ್ಥೆ ಜಿಸ್ಯಾಟ್-8, ಜಿಸ್ಯಾಟ್-10 ಉಪಗ್ರಹಗಳ ಮೂಲಕ ಜಿಪಿಎಸ್ ಲೆಕ್ಕಕ್ಕೆ ತಿದ್ದುಪಡಿ ಕಳಿಸುತ್ತದೆ. ಎಸ್‌ಬಿಎಎಸ್ ಅಥವಾ ವಾಸ್ ಎಂಬ ಹೆಸರಿನ, ಈ ತಿದ್ದುಪಡಿ ಪಡೆಯುವ ಸೆಟ್ಟಿಂಗ್ ಆಫ್ ಆಗಿದ್ದರೆ ಆನ್ ಮಾಡಿ. ಜಿಪಿಎಸ್ ಥರದ್ದೇ ಆದ ಇಸ್ರೋದ ನಾವಿಕ್ ಕೆಲವು ಫೋನುಗಳಲ್ಲಿ ಈಗಾಗಲೇ ಇದೆ.

ಅಂದಮೇಲೆ ಜೇಬಿನ ಫೋನೇ ಸಾಲದೇ? ಜಾಗ ತಿಳಿಯಲಿಕ್ಕೆ ಸಾಕು. ಫೋನಿನ ಜಿಪಿಎಸ್‌ಗೂ ಬೋಟಿನ ಜಿಪಿಎಸ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಸೋಲುವುದು ಬೇರೆ ಕಡೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಫೋನು ಕಾದು ಬೆಳಕು ತಗ್ಗಿಸಿಕೊಳ್ಳುತ್ತದೆ, ಇನ್ನೂ ಕಾದರೆ ಮುಚ್ಚಿಕೊಳ್ಳುತ್ತದೆ. ಒದ್ದೆ ಬೆರಳಿಗೆ ಪರದೆ ಓಗೊಡದು. ಹಾಗಾಗಿ ಬೋಟಿನ ಯಂತ್ರ ಕೊಳ್ಳುವಾಗ ಒತ್ತುವ ಗುಂಡಿಗಳಿರುವುದನ್ನೇ ಹುಡುಕಿ. ಬರೇ ಟಚ್ ಪರದೆ ಅಂಗಡಿಯಲ್ಲಿ ಚಂದ, ಅಲೆಯಲ್ಲಿ ಕಷ್ಟ. ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆದುಕೊಳ್ಳಬೇಕು ಎಂದರ್ಥ. ತಂಪುಕನ್ನಡಕ ಪೋಲರೈಡ್ ಆಗಿದ್ದರೆ ಅದನ್ನು ಹಾಕಿಕೊಂಡೇ ಅಂಗಡಿಗೆ ಹೋಗಿ, ಕತ್ತು ವಾಲಿಸಿ ನೋಡಿ. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ನಿಂತ ಬೋಟಿನ ಮೂತಿ ಯಾವ ಕಡೆಗಿದೆ ಎಂದು ಜಿಪಿಎಸ್‌ಗೆ ಗೊತ್ತಾಗದು. ಅದಕ್ಕೆ ಗೊತ್ತಿರುವುದು ಚಲಿಸುತ್ತಿರುವ ದಿಕ್ಕು ಮಾತ್ರ. ಡಿಸೆಂಬರ್, ಜನವರಿಯ ಮುಂಜಾನೆ ಹಿನ್ನೀರಿನ ಮೇಲೆ ಮಂಜು ಮುಸುಕಿದಾಗ ಇಂಜಿನ್ ನಿಲ್ಲಿಸಿ ನಿಂತರೆ ಪರದೆಯ ಬಾಣ ಸುಮ್ಮನೆ ತಿರುಗುತ್ತಿರುತ್ತದೆ. ಒಂದು ಸಾದಾ ದಿಕ್ಸೂಚಿ ಇಟ್ಟುಕೊಳ್ಳಿ, ಸ್ಪೀಕರಿನಿಂದ ದೂರ. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವುದು ಒಂದೆರಡು ಡಿಗ್ರಿ ವ್ಯತ್ಯಾಸ, ಈ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಚಾರ್ಟ್ ಪ್ಲಾಟರ್ ಎಂದರೆ ನಕ್ಷೆಯ ಮೇಲೆ ಬೋಟನ್ನು ತೋರಿಸುವ ಯಂತ್ರ. ಭಾರತದ ಸಮುದ್ರದ ನಕ್ಷೆಗಳನ್ನು ತಯಾರಿಸುವುದು ಡೆಹ್ರಾಡೂನಿನಲ್ಲಿರುವ ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿ. ನಮ್ಮ ಜಲಾಶಯಗಳು ಅದರ ಬಾಬ್ತಲ್ಲ. ಖಾಸಗಿ ಕಂಪನಿಗಳ ನಕ್ಷೆಯಲ್ಲಿ ಕೆಆರ್‌ಎಸ್‌ನ ಅಂಚಿನ ಗೆರೆ ಕಂಡರೂ ಒಳಗಿನ ಆಳವನ್ನು ನಂಬಿ ಬೋಟು ಓಡಿಸಲು ಆಗದು. ಇಲ್ಲಿ ಪ್ಲಾಟರಿನ ನಿಜವಾದ ಬೆಲೆ ಇರುವುದು ತನ್ನ ನಕ್ಷೆಯನ್ನು ತಾನೇ ಬರೆದುಕೊಳ್ಳುವ ಗುಣದಲ್ಲಿ. ಗಾರ್ಮಿನ್‌ನಲ್ಲಿ ಕ್ವಿಕ್‌ಡ್ರಾ, ಹಮ್ಮಿನ್‌ಬರ್ಡ್‌ನಲ್ಲಿ ಆಟೋಚಾರ್ಟ್ ಲೈವ್, ಲೋರೆನ್ಸ್‌ನಲ್ಲಿ ಜೆನೆಸಿಸ್ ಲೈವ್ ಎಂದು ಹೆಸರು. ಎಲ್ಲದರ ತಿರುಳು ಒಂದೇ. ಜಿಪಿಎಸ್ ಹೇಳಿದ ಜಾಗ, ಸೌಂಡರ್ ಹೇಳಿದ ಆಳ, ಎರಡನ್ನೂ ಸೇರಿಸಿ ಓಡಾಡಿದ ಕಡೆಯೆಲ್ಲ ಸಮಾನ ಆಳದ ಗೆರೆ ಎಳೆಯುತ್ತಾ ಹೋಗುತ್ತದೆ. ಯಂತ್ರದಲ್ಲಿ ಈ ಸೌಲಭ್ಯವಿದೆಯೇ ಎಂಬುದೇ ನನ್ನ ಪ್ರಕಾರ ಪರದೆಯ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಐದು ಇಂಚಿನ ಪರದೆಯಲ್ಲಿ ಈ ಸೌಲಭ್ಯವಿದ್ದರೆ, ಅದಿಲ್ಲದ ಒಂಬತ್ತು ಇಂಚಿನದಕ್ಕಿಂತ ಮೇಲು.

ತೊಡಕು ಮತ್ತೆ ಮಟ್ಟದ್ದೇ. ಅಕ್ಟೋಬರಿನಲ್ಲಿ ಬರೆದ ನಕ್ಷೆ ಏಪ್ರಿಲಿನಲ್ಲಿ ಸುಳ್ಳು. ದಡದ ಮೀನುಗಾರರು ಇದನ್ನು ಯಾವತ್ತೋ ಬಿಡಿಸಿಕೊಂಡಿದ್ದಾರೆ. “ನೂರಹತ್ತಕ್ಕೆ ಇಳೀಲಿ ಬುಡಿ ಸಾ, ಆ ಬಂಡೆ ತಲೆ ಎತ್ತುತ್ತೆ” ಎನ್ನುವಾಗ ಅವರು ಹೇಳುತ್ತಿರುವುದು ಬಂಡೆಯ ಎತ್ತರವನ್ನು, ಅದೂ ಅಣೆಕಟ್ಟೆಯ ಗೇಜಿನ ಭಾಷೆಯಲ್ಲಿ. ಯಂತ್ರಕ್ಕೂ ಇದನ್ನೇ ಕಲಿಸಬೇಕು. ಮಟ್ಟ 120 ಅಡಿ ಇದ್ದ ದಿನ ಒಂದು ಬಂಡೆಯ ಮೇಲೆ ಸೌಂಡರ್ 12 ಅಡಿ ನೀರು ತೋರಿಸಿತು ಎನ್ನಿ. ಬಂಡೆಯ ನೆತ್ತಿ 108ರಲ್ಲಿದೆ. ಅಲ್ಲಿ ಗುರುತು ಹಾಕಿ, ಹೆಸರಿನ ಜಾಗದಲ್ಲಿ ಬರೇ 108 ಎಂದು ಬರೆಯಿರಿ. ‘ಅಪಾಯ’, ‘ದೊಡ್ಡ ಬಂಡೆ’ ಎಂದೆಲ್ಲ ಬೇಡ. ಮುಂದೆ ಯಾವ ದಿನ ಹೋದರೂ ಪತ್ರಿಕೆಯ ಅಂಕಿಯಿಂದ 108 ಕಳೆದರೆ ಬಂಡೆಯ ಮೇಲಿನ ನೀರು ಸಿಕ್ಕಿತು. 118ರಲ್ಲಿ ಹತ್ತು ಅಡಿ, ನಿಶ್ಚಿಂತೆ. 110ರಲ್ಲಿ ಎರಡೇ ಅಡಿ; ಔಟ್‌ಬೋರ್ಡ್ ಮೋಟರಿನ ಪಂಕ ಹೆಚ್ಚುಕಡಿಮೆ ಅಷ್ಟೇ ಕೆಳಗಿರುತ್ತದೆ. ಈ ಕಾರಣಕ್ಕೇ ಯಂತ್ರವನ್ನು ಮೀಟರಿನಲ್ಲಿ ಇಡದೆ ಅಡಿಯಲ್ಲಿ ಇಡುವುದು ವಾಸಿ. ಕೆಲವು ಯಂತ್ರಗಳಲ್ಲಿ ವಾಟರ್ ಲೆವೆಲ್ ಆಫ್‌ಸೆಟ್ ಎಂಬ ಸೆಟ್ಟಿಂಗೇ ಇದೆ. ಆಗ ನಕ್ಷೆಯನ್ನೆಲ್ಲ 124.80ಕ್ಕೆ ಹೊಂದಿಸಿಟ್ಟು, ಹೊರಡುವ ದಿನ ಎಷ್ಟು ಅಡಿ ಕಡಿಮೆ ಇದೆಯೋ ಅಷ್ಟನ್ನು ತುಂಬಿದರೆ ಆಳದ ಗೆರೆಗಳೆಲ್ಲ ತಾವೇ ಸರಿಹೊಂದುತ್ತವೆ.

ಕಬಿನಿಯಲ್ಲೂ ಇದೇ ಲೆಕ್ಕ. ಅಲ್ಲಿನ ಗರಿಷ್ಠ 2,284 ಅಡಿ ಎಂಬುದು ಸಮುದ್ರ ಮಟ್ಟದಿಂದ, ಕೆಆರ್‌ಎಸ್‌ನ 124.80 ನದಿ ತಳದಿಂದ, ಅಷ್ಟೇ ವ್ಯತ್ಯಾಸ. ಒಂದು ಎಚ್ಚರ: ಪ್ರವಾಹದ ದಿನಗಳಲ್ಲಿ ನದಿ ಹಿನ್ನೀರಿಗೆ ಬಂದು ಸೇರುವ ಮೇಲಿನ ತುದಿಯಲ್ಲಿ ನೀರು ಗೇಜಿಗಿಂತ ಎತ್ತರ ನಿಂತಿರುತ್ತದೆ, ಹೂಳೂ ಜಾಗ ಬದಲಿಸುತ್ತದೆ. ಕಟ್ಟೆಯ ಅಂಕಿಯನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಬಾರದು. ಜಿಪಿಎಸ್ ತೋರಿಸುವ ಎತ್ತರದಿಂದ ಮಟ್ಟ ಹಿಡಿಯೋಣ ಎಂದುಕೊಳ್ಳುವವರಿಗೆ: ಜಿಪಿಎಸ್ ಅಡ್ಡಡ್ಡ ತಪ್ಪುವುದಕ್ಕಿಂತ ಎತ್ತರದಲ್ಲಿ ಹೆಚ್ಚು ತಪ್ಪುತ್ತದೆ. ಪತ್ರಿಕೆಯೇ ವಾಸಿ.

ನೀರಿಗೆ ಇಳಿಯುವ ಮೊದಲೇ ಅರ್ಧ ನಕ್ಷೆ ಪುಕ್ಕಟೆಯಾಗಿ ಸಿಗುವ ಇನ್ನೊಂದು ದಾರಿಯಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಕೆಲವು ದಿನಗಳಿಗೊಮ್ಮೆ ನಮ್ಮ ಮೇಲೆ ಹಾದು ಚಿತ್ರ ತೆಗೆಯುತ್ತವೆ. 2015ರಿಂದ ಈಚಿನ ಚಿತ್ರಗಳು ಯಾರಿಗಾದರೂ ಉಚಿತ. 2024ರ ಏಪ್ರಿಲ್, ಮೇ ತಿಂಗಳ ಚಿತ್ರ ತೆರೆದರೆ ಈಗ ನೀರಿನಡಿ ಇರುವ ದಿಣ್ಣೆ, ನಡುಗಡ್ಡೆ, ಹಳೆಯ ಹೊಳೆಯ ಪಾತ್ರ ಎಲ್ಲ ಬಯಲಲ್ಲಿ ಕಾಣುತ್ತವೆ. ಒಂದು ಚುಕ್ಕಿ ನೆಲದ ಮೇಲೆ ಹತ್ತು ಮೀಟರ್ ಆದ್ದರಿಂದ ಸಣ್ಣ ಬಂಡೆ ಕಾಣದು, ದಿಣ್ಣೆಯ ಅಂಚು ಸ್ಪಷ್ಟ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಇನ್ನೂ ಸೂಕ್ಷ್ಮವಾಗಿ ಸಿಗಬಹುದು. ಚಿತ್ರದ ತಾರೀಖು ನೋಡಿ, ಆ ದಿನದ ಕಟ್ಟೆಯ ಮಟ್ಟ ಹುಡುಕಿ. ಆ ದಿನದ ನೀರಿನ ಅಂಚು ಎಂದರೆ ಅಷ್ಟೇ ಅಡಿಯ ಸಮಾನ ಎತ್ತರದ ಗೆರೆ. ಬೇರೆ ಬೇರೆ ಮಟ್ಟದ ನಾಲ್ಕಾರು ದಿನಗಳ ಅಂಚುಗಳನ್ನು ಒಂದರ ಮೇಲೊಂದು ಎಳೆದರೆ ತಳದ ಆಕಾರ ತಾನಾಗಿ ಮೂಡುತ್ತದೆ.

ಕರೆಂಟಿನ ಮಾತು ಚಿಕ್ಕದು. ಐದಾರು ಇಂಚಿನ ಯಂತ್ರ 12 ವೋಲ್ಟಿನಲ್ಲಿ ಒಂದು ಆಂಪಿಯರ್ ಆಸುಪಾಸು ಎಳೆಯುತ್ತದೆ. ಯುಪಿಎಸ್‌ನಲ್ಲಿರುವಂಥ 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಒಂದು ಬೆಳಗಿನ ಓಡಾಟ ಮುಗಿಯುತ್ತದೆ. ಸ್ಟಾರ್ಟರ್ ಬ್ಯಾಟರಿಗೇ ಜೋಡಿಸಿದರೆ ಇಂಜಿನ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಯಂತ್ರ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬೇರೆ ಬ್ಯಾಟರಿ, ಬೇರೆ ಫ್ಯೂಸ್ ಇದ್ದರೆ ಆ ತಾಪತ್ರಯವಿಲ್ಲ.

ರೇಡಾರ್ ಬೇಡ. ಹಡಗುಗಳು ತಮ್ಮ ಗುರುತು ಸಾರುವ ಎಐಎಸ್ ಬೇಡ, ಕೇಳಿಸಿಕೊಳ್ಳಲು ಇಲ್ಲಿ ಹಡಗಿಲ್ಲ. ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಗಿರುವ 16ನೇ ಚಾನೆಲ್ ಸಮುದ್ರದಲ್ಲಿ ಪ್ರಾಣ ಉಳಿಸುತ್ತದೆ. ಹಿನ್ನೀರಿನಲ್ಲಿ ಅದರಲ್ಲಿ ಕೂಗಿದರೆ ಓಗೊಡುವವರಿಲ್ಲ, ಇಟ್ಟುಕೊಳ್ಳಲು ಪರವಾನಗಿ ಬೇರೆ ಬೇಕು. ಬೋಟನ್ನು ಟ್ರೇಲರಿನಲ್ಲಿ ಎಳೆದು ಮಲ್ಪೆಗೋ ಕಾರವಾರಕ್ಕೋ ಒಯ್ಯುವವರ ಲೆಕ್ಕ ಬೇರೆ, ಅವರಿಗೆ ವಿಎಚ್‌ಎಫ್ ಬೇಕೇ ಬೇಕು. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554. ವಿದೇಶದಲ್ಲಿರುವ ನೆಂಟರು ಉಡುಗೊರೆಯಾಗಿ ತಂದುಕೊಡುವ ಉಪಗ್ರಹ ಸಂದೇಶದ ಯಂತ್ರಗಳ ಬಗ್ಗೆ ಮಾತ್ರ ಹುಷಾರು. ಅನುಮತಿಯಿಲ್ಲದೆ ಉಪಗ್ರಹ ಫೋನು, ಇನ್‌ರೀಚ್ ಥರದ್ದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ.

ಯಂತ್ರಕ್ಕೆ ಮುಂಚೆ ಕಾಗದಪತ್ರ ಎನ್ನುವುದನ್ನೂ ಮರೆಯುವಂತಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ಬೋಟಿಗೆ ನೋಂದಣಿ ಬೇಕು. ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ, ಅನುಮತಿ ಕೇಳದೆ ಬೋಟು ಇಳಿಸುವಂತಿಲ್ಲ; ಕಟ್ಟೆಯ ಸಮೀಪವಂತೂ ಸುಳಿಯುವ ಹಾಗೇ ಇಲ್ಲ. ನಾಗರಹೊಳೆ, ಬಂಡೀಪುರಗಳ ನಡುವಿನ ಕಬಿನಿ ಹಿನ್ನೀರಿನಲ್ಲಿ ಅರಣ್ಯ ಇಲಾಖೆಯ ಮಾತೇ ಅಂತಿಮ.

ಯಾವ ಯಂತ್ರವೂ ತೋರಿಸದ ಎರಡು ಸಂಗತಿಗಳಿವೆ. ಒಂದು, ಬಲೆ. ಖಾಲಿ ನೀರಿನ ಬಾಟಲಿ, ಥರ್ಮಕೋಲ್ ತುಂಡು ಸಾಲಾಗಿ ತೇಲುತ್ತಿದ್ದರೆ ಅದರಡಿ ಬಲೆ ಇದೆ. ಪಂಕಕ್ಕೆ ಸುತ್ತಿಕೊಂಡರೆ ಇಂಜಿನ್ ನಿಲ್ಲುತ್ತದೆ, ಬಲೆಯವನ ಅಂದಿನ ದುಡಿಮೆಯೂ ಹೋಗುತ್ತದೆ. ಇನ್ನೊಂದು, ಕತ್ತಲಲ್ಲಿ ದೀಪವಿಲ್ಲದೆ ತೇಲುವ ತೆಪ್ಪ. ಸೌಂಡರ್ ಕೆಳಗೆ ನೋಡುತ್ತದೆ, ಜಿಪಿಎಸ್ ಮೇಲೆ ನೋಡುತ್ತದೆ, ತೆಪ್ಪ ಇರುವುದು ಎದುರಿಗೆ. ಸೂರ್ಯ ಮುಳುಗಿದ ಮೇಲೆ ಪರದೆಯ ಬೆಳಕು ಪೂರ್ತಿ ತಗ್ಗಿಸಿ, ಇಲ್ಲವಾದರೆ ಕಣ್ಣು ಕತ್ತಲೆಗೆ ಒಗ್ಗದು.

ಯಂತ್ರ ಕೂರಿಸಿದ ಮೊದಲ ದಿನ ದೂರ ಹೋಗುವ ಉಮೇದು ಬೇಡ. ಗಾರೆ ಕೆಲಸದವರ ತೂಕದ ಗುಂಡನ್ನು ಉದ್ದ ಹಗ್ಗಕ್ಕೆ ಕಟ್ಟಿ, ಅಡಿಗೊಂದು ಗಂಟು ಹಾಕಿ, ಗಟ್ಟಿ ತಳವಿರುವ ನಾಲ್ಕೈದು ಕಡೆ ಇಳಿಬಿಟ್ಟು ಸೌಂಡರಿನ ಅಂಕಿಯ ಪಕ್ಕ ಬರೆದುಕೊಳ್ಳಿ. ಮೆತ್ತನೆಯ ಹೂಳಿನಲ್ಲಿ ಈ ಪರೀಕ್ಷೆ ನಡೆಯದು. ಗುಂಡು ಹೂತುಹೋಗುತ್ತದೆ, ಶಬ್ದ ಹೂಳಿನ ಮೇಲ್ಮೈಯಿಂದಲೇ ಹಿಂತಿರುಗುತ್ತದೆ. ವ್ಯತ್ಯಾಸ ಎಲ್ಲ ಕಡೆ ಒಂದೇ ಸಮ ಬಂದರೆ ಅದು ಬಿಲ್ಲೆ ನೀರಿನೊಳಗೆ ಎಷ್ಟು ಕೆಳಗಿದೆಯೋ ಆ ಅಳತೆ. ಸೆಟ್ಟಿಂಗಿನಲ್ಲಿ ಅಷ್ಟನ್ನು ಸೇರಿಸಿದರೆ ಮುಗಿಯಿತು. ಆಳ ಹೆಚ್ಚಾದ ಹಾಗೆ ವ್ಯತ್ಯಾಸವೂ ಹೆಚ್ಚುತ್ತಾ ಹೋದರೆ ಸಿಹಿನೀರಿನ ಸೆಟ್ಟಿಂಗ್ ನೋಡಿ. ಒಂದೊಂದು ಕಡೆ ಒಂದೊಂದು ಥರ ಬಂದರೆ ಬಿಲ್ಲೆ ವಾಲಿಕೊಂಡಿದೆ. ಬೋಟನ್ನು ದಡಕ್ಕೆ ಎಳೆದು ಸ್ಕ್ರೂ ಸಡಿಲಿಸಿ ಅದನ್ನು ನೇರ ಮಾಡಿ.